‘ದೇವರಿಗೆ ಮೊದಲೇ ಗೊತ್ತಿತ್ತಲ್ಲ’ ಎಂದು ಮಕ್ಕಳು ಕೇಳಿದರೆ

ಬೀದರ್‌ನಲ್ಲಿ ಸಂಡೇ ಸ್ಕೂಲ್ ಕಲಿಸುತ್ತೇನೆ. ‘ನಾವು ಏನು ಮಾಡುತ್ತೇವೆಂದು ದೇವರಿಗೆ ಮೊದಲೇ ಗೊತ್ತಿದ್ದರೆ ತಪ್ಪು ನಮ್ಮದು ಹೇಗೆ?’ ಎಂಬ ಪ್ರಶ್ನೆ ಬಂದಾಗ ಮಕ್ಕಳ ಬಾಯಿ ಮುಚ್ಚಿಸಬೇಡಿ. ಮೊದಲು ಬೈಬಲ್‌ನ ಮತ್ತಾಯ 26ನೇ ಅಧ್ಯಾಯ ಓದಿಸಿ. ಕೋಳಿ ಕೂಗುವ ಮುಂಚೆ ಮೂರು ಸಲ ನನ್ನನ್ನು ಅಲ್ಲಗಳೆಯುವೆ ಎಂದು ಯೇಸುಸ್ವಾಮಿ ತಮ್ಮ ಶಿಷ್ಯ ಪೇತ್ರನಿಗೆ ಹೇಳಿದ್ದರು. ಹಾಗೇ ಆಯಿತು. ಪೇತ್ರ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ. ತಪ್ಪು ತನ್ನದಲ್ಲದಿದ್ದರೆ ಅಳುತ್ತಿದ್ದನೇ? ಇಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂರಿ.

ಆಮೇಲೆ ನಮ್ಮೂರಿನ ದಾರಿಗಳು ಕೂಡುವಲ್ಲಿರುವ ಹಳೇ ಕಾವಲು ಗೋಪುರ ಚೌಬಾರಾ ನೆನಪಿಸಿ. ಮೇಲೆ ನಿಂತವನಿಗೆ ಎಲ್ಲ ದಾರಿಯೂ ಒಟ್ಟಿಗೆ ಕಾಣುತ್ತದೆ. ಆಟೋದ ಹ್ಯಾಂಡಲ್ ಮಾತ್ರ ಡ್ರೈವರ್ ಕೈಯಲ್ಲೇ, ಅಲ್ವಾ? ದೇವರು ಎಲ್ಲ ಕಾಲವನ್ನೂ ‘ಈಗ’ ಎಂಬಂತೆ ನೋಡುತ್ತಾನೆ ಎಂದು 6ನೇ ಶತಮಾನದಲ್ಲಿ ರೋಮನ್ ತತ್ವಜ್ಞಾನಿ ಬೊಯೆಥಿಯಸ್ ಸೆರೆಯಲ್ಲಿದ್ದಾಗ ಬರೆದ.

ದೊಡ್ಡ ಮಕ್ಕಳು ಇಷ್ಟಕ್ಕೇ ಬಿಡುವುದಿಲ್ಲ. ದೇವರು ನಿಶ್ಚಯಿಸಿದ್ದರಿಂದಲೇ ಅವನಿಗೆ ಗೊತ್ತು ಎಂದು ಪ್ರೊಟೆಸ್ಟೆಂಟ್ ಧರ್ಮಸುಧಾರಕ ಕ್ಯಾಲ್ವಿನ್ ವಾದಿಸಿದ. ನಾನು ಒಪ್ಪುವುದಿಲ್ಲ, ಆದರೂ ಅದನ್ನು ಮಕ್ಕಳಿಂದ ಮುಚ್ಚಿಡಬೇಡಿ.