ಅಣಬೆ ಒಣಗಿಸಲು ಮನೆಯಲ್ಲೇ ಕಟ್ಟುವ ಬಲ್ಬಿನ ಪೆಟ್ಟಿಗೆ

ಒಂದೇ ದಿನ ಬೀಜ ಹಾಕಿದ ಚೀಲಗಳು ಬೆಳೆ ಕೊಡುವುದೂ ಒಂದೇ ಸಲ. ಹತ್ತು ಚೀಲ ಕಟ್ಟಿದವರ ಮನೆಯಲ್ಲಿ ಮೂರು ದಿನದೊಳಗೆ ಐದಾರು ಕಿಲೋ ಚಿಪ್ಪಣಬೆ ಬಂದು ಬೀಳುತ್ತದೆ. ಹೊರಗಿಟ್ಟರೆ ಮಾರನೇ ದಿನಕ್ಕೇ ಅಂಚು ಹಳದಿಯಾಗಿ ಲೋಳೆ ಬಿಡುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಇನ್ನು ಮೂರು ನಾಲ್ಕು ದಿನ ತಳ್ಳಬಹುದು. ಒಳ್ಳೆಯ ಬಿಸಿಲಿದ್ದರೆ ಹರಡಿ ಒಣಗಿಸಿದರೆ ಮುಗಿಯಿತು. ಆದರೆ ಚಿಪ್ಪಣಬೆ ಚೆನ್ನಾಗಿ ಬರುವುದೇ ಮಳೆ, ಚಳಿಯ ತಂಪಿನಲ್ಲಿ. ಬಿಸಿಲು ಕಾಣದ ದಿನಗಳಲ್ಲಿ. ಮಲೆನಾಡಿನಲ್ಲಿ ಒಲೆಯ ಮೇಲಿನ ಅಟ್ಟದಲ್ಲೋ ಅಡಿಕೆ ಡ್ರೈಯರಿನ ಮೂಲೆಯಲ್ಲೋ ಒಣಗಿಸುವವರಿದ್ದಾರೆ. ಒಣಗುತ್ತದೆ, ಸಂಶಯವಿಲ್ಲ, ಆಮೇಲೆ ಸಾರು ಮಾಡಿದರೆ ಹೊಗೆಯ ಸಾರಾಗುತ್ತದೆ.

ಇಲ್ಲಿ ಹೇಳುವ ಪೆಟ್ಟಿಗೆ ಒಂದು ಸಲಕ್ಕೆ 2 ಕಿಲೋ ಹಸಿ ಅಣಬೆ ಒಣಗಿಸುತ್ತದೆ. ಪ್ಲೈವುಡ್, ನಾಲ್ಕು ಬುರುಡೆ ಬಲ್ಬು, ಕಂಪ್ಯೂಟರಿನ ಒಂದು ಫ್ಯಾನು, ಬಿಸಿ ಹಿಡಿತದಲ್ಲಿಡುವ ಒಂದು ಥರ್ಮೋಸ್ಟಾಟ್ ಇದ್ದರೆ ಸಾಕು. ಕಟ್ಟುವ ಮೊದಲು ಒಂದು ಲೆಕ್ಕ ತಲೆಯಲ್ಲಿರಲಿ, ಮುಂದಿನ ಅಳತೆಗಳೆಲ್ಲ ಅದರಿಂದಲೇ ಬಂದವು.

ಹಸಿ ಚಿಪ್ಪಣಬೆಯಲ್ಲಿ ಸುಮಾರು ನೂರಕ್ಕೆ 90 ಭಾಗ ನೀರು. 2 ಕಿಲೋದಿಂದ ಹೆಚ್ಚುಕಡಿಮೆ 1.8 ಲೀಟರ್ ನೀರು ಹೊರಗೆ ಹೋಗಬೇಕು. ಅಷ್ಟು ನೀರು ಆವಿಯಾಗುವುದಕ್ಕೇ 1.2 ಯೂನಿಟ್ ಕರೆಂಟು ಬೇಕು. ಪೆಟ್ಟಿಗೆಯ ಗೋಡೆಯಿಂದ ಸೋರುವ ಬಿಸಿ, ಕಿಂಡಿಯಿಂದ ಹೋಗುವ ಬಿಸಿಗಾಳಿ ಸೇರಿಸಿದರೆ 3ರಿಂದ 4 ಯೂನಿಟ್. ಇನ್ನು ಗಾಳಿ. ಮಳೆಗಾಲದ 25 ಡಿಗ್ರಿಯ, ಶೇ 90 ತೇವದ ಗಾಳಿಯನ್ನು ಹಾಗೇ ಬೀಸಿದರೆ ಅಣಬೆ ಒಣಗುವ ಮೊದಲು ಕೊಳೆಯುತ್ತದೆ. ಅದೇ ಗಾಳಿಯನ್ನು 50 ಡಿಗ್ರಿಗೆ ಕಾಯಿಸಿ, ಅದರ ತೇವ ಶೇ 23ಕ್ಕೆ ಇಳಿಯುತ್ತದೆ. ನೀರು ಅಷ್ಟೇ ಇದೆ, ಆದರೆ ಬಿಸಿಯಾದ ಗಾಳಿಗೆ ಇನ್ನೂ ಬೇಕಾದಷ್ಟು ಕುಡಿಯುವ ಶಕ್ತಿ ಬಂದಿದೆ. ಬಲ್ಬಿನ ಕೆಲಸ ಇಷ್ಟೇ. ನೀರನ್ನು ಹೊತ್ತುಕೊಂಡು ಹೋಗುವುದು ಗಾಳಿ, ಅದು ಹೊರಗೆ ಹೋಗಲೇಬೇಕು. ಬಿಸಿ ಉಳಿಸುವ ಆಸೆಗೆ ಕಿಂಡಿ ಮುಚ್ಚಿದವರ ಅಣಬೆ ಒಣಗುವ ಬದಲು ಬೇಯುತ್ತದೆ.

ಪೆಟ್ಟಿಗೆ

12 ಎಂಎಂ ಪ್ಲೈವುಡ್, 8 ಅಡಿ 4 ಅಡಿಯ ಒಂದು ಹಾಳೆ ಸಾಕು, ಸ್ವಲ್ಪ ಉಳಿಯುತ್ತದೆ. ನೀರು ತಡೆಯುವ ಬಿಡಬ್ಲ್ಯುಪಿ ದರ್ಜೆಯದೇ ಇರಲಿ. ಅಗ್ಗದ ಎಂಆರ್ ಪ್ಲೈ ಬಿಸಿ, ತೇವ ಎರಡೂ ಸೇರಿದಾಗ ಪದರ ಬಿಡುತ್ತದೆ, ಅದರ ಅಂಟಿನ ಘಾಟು ಅಣಬೆಗೆ ಹತ್ತುತ್ತದೆ. ಥರ್ಮಾಕೋಲ್ ಡಬ್ಬಿ, ರಟ್ಟಿನ ಪೆಟ್ಟಿಗೆ ಬೇಡವೇ ಬೇಡ. ಬಲ್ಬಿನ ಪಕ್ಕ ಒಂದು ಕರಗುತ್ತದೆ, ಇನ್ನೊಂದು ಹೊತ್ತಿಕೊಳ್ಳುತ್ತದೆ.

ಒಳ ಅಳತೆ 18 ಇಂಚು ಅಗಲ, 18 ಇಂಚು ಆಳ, 30 ಇಂಚು ಎತ್ತರ. ಬಡಗಿಗೆ ಹೇಳುವ ಲೆಕ್ಕ ಹೀಗೆ: ಪಕ್ಕದ ಹಲಗೆ 18×30 ಎರಡು, ಮೇಲೆ ಕೆಳಗಿನದು 19×18 ಎರಡು, ಹಿಂಬದಿ ಮತ್ತು ಬಾಗಿಲು 19×31 ಎರಡು. ಅಡಿಗೆ 2 ಇಂಚಿನ ನಾಲ್ಕು ಕಾಲು. ಬಾಗಿಲಿಗೆ ಎರಡು ಕೀಲು, ಒಂದು ಚಿಲಕ, ಅಂಚಿಗೆ ಸುತ್ತ ರಬ್ಬರ್ ಬೀಡಿಂಗ್.

ಕೆಳಗಿನ 10 ಇಂಚು ಬಲ್ಬಿನ ಜಾಗ. ಇಲ್ಲಿ ನೆಲಕ್ಕೂ ಮೂರು ಗೋಡೆಗೂ ಬಾಗಿಲಿನ ಒಳಬದಿಗೂ ತೆಳು ಅಲ್ಯೂಮಿನಿಯಂ ತಗಡು ಹೊಡೆಯಿರಿ. ಮೇಲಿನ ಭಾಗಕ್ಕೆ ತಗಡು ಬೇಕಿಲ್ಲ, ಅಲ್ಯೂಮಿನಿಯಂ ಟೇಪಿನಿಂದ ಸಂದುಗಳನ್ನು ಮುಚ್ಚಿದರೆ ಆಯಿತು. ವಾರ್ನಿಷ್, ಪೇಂಟು ಒಳಗೆ ಬೇಡ.

ಹಿಂಬದಿಯ ಹಲಗೆಯಲ್ಲಿ, ನೆಲದಿಂದ 2 ಇಂಚು ಮೇಲೆ, 120 ಎಂಎಂ ಫ್ಯಾನಿಗೆ ದುಂಡಗಿನ ತೂತು. ಫ್ಯಾನು ಹೊರಗಿನ ತಂಪು ಗಾಳಿಯನ್ನು ಒಳಗೆ ತಳ್ಳಬೇಕು. ಮೇಲಿನ ತುದಿಯಲ್ಲಿ ಕೂರಿಸಿ ಬಿಸಿಗಾಳಿ ಎಳೆಯುವಂತೆ ಮಾಡುವವರೇ ಹೆಚ್ಚು. ಆಗ ಫ್ಯಾನು ದಿನವಿಡೀ ಬಿಸಿ ಹಬೆಯಲ್ಲಿ ಮಿಂದು ಬೇರಿಂಗ್ ಬೇಗ ಕಿರುಗುಟ್ಟುತ್ತದೆ, ಬಾಗಿಲ ಸಂದಿನಿಂದ ಅಡುಗೆಮನೆಯ ದೂಳನ್ನೂ ಎಳೆದುಕೊಳ್ಳುತ್ತದೆ. ತೂತಿಗೆ ಹೊರಗಿನಿಂದ ಸೊಳ್ಳೆ ಜಾಲರಿ ಹೊಡೆಯಿರಿ. ಗಾಳಿ ಹೊರಹೋಗುವ ಕಿಂಡಿ ಮೇಲಿನ ಹಲಗೆಯಲ್ಲಿ, ಬಾಗಿಲಿನ ಕಡೆಗೆ: 6 ಇಂಚು ಉದ್ದ, 2 ಇಂಚು ಅಗಲ. ಅದರ ಮೇಲೆ ಸರಿಸಿ ತೆಗೆದು ಮುಚ್ಚುವ ಒಂದು ಪ್ಲೈ ತುಂಡು. ಹಿಂದೆ ಕೆಳಗೆ ನುಗ್ಗಿದ ಗಾಳಿ ಮುಂದೆ ಮೇಲೆ ಹೊರಬೀಳುವಾಗ ಟ್ರೇಗಳನ್ನು ಓರೆಯಾಗಿ ದಾಟಿ ಹೋಗುತ್ತದೆ.

ಬಲ್ಬು, ವೈರು

100 ವಾಟಿನ ಹಳೇ ಮಾದರಿ ಬುರುಡೆ ಬಲ್ಬು ನಾಲ್ಕು. ಕೋಳಿಮರಿ ಕಾಯಿಸುವವರಿಗಾಗಿ ಇಂದಿಗೂ ಅಂಗಡಿಗಳು ಇಡುತ್ತವೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು, ಬಿಸಿ ಕೊಡದಿರುವುದೇ ಅದರ ಗುಣ. ಹೇರ್ ಡ್ರೈಯರ್, ರೂಮ್ ಹೀಟರಿನ ಕಾಯಿಲ್ ಇಷ್ಟು ಚಿಕ್ಕ ಪೆಟ್ಟಿಗೆಗೆ ಅತಿಯಾಯಿತು. ಕೆಂಪಗೆ ಕಾದ ಕಾಯಿಲಿನ ಮೇಲೆ ಒಣಗಿದ ಅಣಬೆಯ ಚೂರು ಬಿದ್ದರೆ ಹೊತ್ತಿಕೊಳ್ಳುತ್ತದೆ.

ಹೋಲ್ಡರುಗಳು ಪಿಂಗಾಣಿಯವೇ ಆಗಿರಲಿ, ಪ್ಲಾಸ್ಟಿಕ್ಕಿನವು ಕೆಲವೇ ದಿನದಲ್ಲಿ ಕಂದಿ ಬಿರಿಯುತ್ತವೆ. ನಾಲ್ಕನ್ನೂ ನೆಲದ ಮೇಲೆ ಚೌಕವಾಗಿ, ಗೋಡೆಯಿಂದ ಕನಿಷ್ಠ 4 ಇಂಚು ಬಿಟ್ಟು ಕೂರಿಸಿ. ಒಳಗಿನ ವೈರು ಶಾಖ ತಡೆಯುವ ಸಿಲಿಕಾನ್ ಹೊದಿಕೆಯದು. ಮನೆ ವೈರಿಂಗಿನ ಪಿವಿಸಿ ವೈರು ಬಲ್ಬಿನ ಬುಡದಲ್ಲಿ ಮೆತ್ತಗಾಗುತ್ತದೆ.

ಬಲ್ಬುಗಳ ಮೇಲೆ, ನೆಲದಿಂದ 9 ಇಂಚು ಎತ್ತರದಲ್ಲಿ, 14×14 ಇಂಚಿನ ಒಂದು ತಗಡನ್ನು ನಾಲ್ಕು ಬೋಲ್ಟಿನ ಮೇಲೆ ನಿಲ್ಲಿಸಿ. ಸುತ್ತ 2 ಇಂಚು ಸಂದು ಉಳಿಯುತ್ತದೆ, ಬಿಸಿಗಾಳಿ ಏಳುವುದು ಅಲ್ಲಿಂದಲೇ. ಈ ತಗಡು ಬಿಟ್ಟರೆ ಏನಾಗುತ್ತದೆ ಎಂದರೆ, ಮೊದಲ ಗಂಟೆಯಲ್ಲೇ ಅಣಬೆಯಿಂದ ಒಂದು ಹನಿ ಜಾರಿ ಕಾದ ಗಾಜಿಗೆ ಬಿದ್ದು ಬಲ್ಬು ಟಪ್ಪನೆ ಒಡೆಯುತ್ತದೆ. ಮತ್ತೆ ಆ ಇಡೀ ಟ್ರೇ ಎಸೆಯಬೇಕು, ಗಾಜಿನ ಚೂರನ್ನು ಹುಡುಕಿ ಆರಿಸಿ ತಿನ್ನುವ ಸಾಹಸ ಬೇಡ.

ಥರ್ಮೋಸ್ಟಾಟ್ ಎಸ್‌ಟಿಸಿ-1000 ಆದರೆ ಸುಲಭ, 230 ವೋಲ್ಟಿಗೇ ನಡೆಯುವಂಥದ್ದು ಕೇಳಿ ತನ್ನಿ. ಹಿಂದೆ ಎಂಟು ತಿರುಪುಗಳಿರುತ್ತವೆ: 1, 2 ಕರೆಂಟಿಗೆ, 3, 4 ಸೆನ್ಸರಿಗೆ, 5, 6 ಬಿಸಿ ಮಾಡುವ ಸ್ವಿಚ್ಚು, 7, 8 ತಂಪಿನದು, ಅದು ಖಾಲಿ ಇರಲಿ. 5, 6ರಿಂದ ಕರೆಂಟು ಹೊರಡುವುದಿಲ್ಲ, ಅದು ಬರೀ ಸ್ವಿಚ್ಚು. ಫೇಸನ್ನು 5ಕ್ಕೆ ಕೊಟ್ಟು 6ರಿಂದ ಬಲ್ಬಿಗೆ ಒಯ್ಯಬೇಕು. ಇಲ್ಲಿ ತಪ್ಪಿದವರು "ಡಿಸ್‌ಪ್ಲೇ ಬರುತ್ತೆ, ಬಲ್ಬು ಹತ್ತಲ್ಲ" ಎಂದು ಅಂಗಡಿಗೆ ಹಿಂದಿರುಗಿಸುತ್ತಾರೆ. ಎಫ್1ರಲ್ಲಿ ಬೇಕಾದ ಡಿಗ್ರಿ, ಎಫ್2ರಲ್ಲಿ ವ್ಯತ್ಯಾಸ, ಅಂದರೆ ಬಲ್ಬು ಆರುವ ಮತ್ತು ಮತ್ತೆ ಹತ್ತುವ ಬಿಸಿಗಳ ಅಂತರ, 2 ಡಿಗ್ರಿ. ವ್ಯತ್ಯಾಸ ಅರ್ಧ ಡಿಗ್ರಿಗೆ ಬಿಟ್ಟರೆ ಒಳಗಿನ ಸ್ವಿಚ್ಚು, ಅಂದರೆ ರಿಲೇ, ನಿಮಿಷಕ್ಕೊಮ್ಮೆ ಟಕಟಕ ಅನ್ನುತ್ತಿರುತ್ತದೆ, ಬಲ್ಬಿನ ತಂತಿಯೂ ಬೇಗ ಹೋಗುತ್ತದೆ.

ಸೆನ್ಸರ್ ಎಲ್ಲಿಡಬೇಕು ಎನ್ನುವುದರಲ್ಲೇ ಅರ್ಧ ಕೆಲಸವಿದೆ. ಅದು ಅತಿ ಕೆಳಗಿನ ಟ್ರೇಯ ಒಂದಿಂಚು ಕೆಳಗೆ, ಗಾಳಿಯ ದಾರಿಯಲ್ಲಿ ತೂಗಬೇಕು. ಮೇಲೆ ಇಟ್ಟರೆ ಅಲ್ಲಿಗೆ ತಲುಪುವ ಗಾಳಿ ಐದು ಟ್ರೇಗಳ ನೀರು ಕುಡಿದು ತಣ್ಣಗಾಗಿರುತ್ತದೆ; ಅಲ್ಲಿ 50 ಡಿಗ್ರಿ ತರುವ ಹಟಕ್ಕೆ ಬಿದ್ದ ಥರ್ಮೋಸ್ಟಾಟು ಕೆಳಗಿನ ಟ್ರೇಯನ್ನು ಹುರಿದುಬಿಡುತ್ತದೆ.

ಫ್ಯಾನು 12 ವೋಲ್ಟಿನದು, ಒಂದು ಆಂಪಿಯರಿನ ಅಡಾಪ್ಟರಿನಿಂದ ನೇರವಾಗಿ ನಡೆಯಲಿ. ಬಲ್ಬಿನ ಜೊತೆಗೆ ಕಟ್ಟಬೇಡಿ, ಬಲ್ಬು ಆರಿದರೂ ಅದು ತಿರುಗುತ್ತಲೇ ಇರಬೇಕು. ಬಲ್ಬಿನ ಫೇಸ್ ವೈರಿನ ನಡುವೆ ಕೆಎಸ್‌ಡಿ 301 ಎಂಬ ಬೆರಳುಗಾತ್ರದ ಶಾಖದ ಸ್ವಿಚ್ಚು ಹಾಕಿ: 80 ಡಿಗ್ರಿಗೆ ಕಡಿಯುವಂಥದ್ದು, ಸಾಮಾನ್ಯ ಸ್ಥಿತಿಯಲ್ಲಿ ಮುಚ್ಚಿರುವಂಥದ್ದು. ಜಾಗ, ತಗಡಿನ ಪಕ್ಕದ ಆ 2 ಇಂಚು ಸಂದಿನ ಮೇಲ್ಗಡೆ. ರಿಲೇ ಅಂಟಿಕೊಂಡರೆ, ರಾತ್ರಿ ಫ್ಯಾನು ನಿಂತರೆ ಪ್ಲೈವುಡ್ಡನ್ನು ಬೆಂಕಿಯಿಂದ ಕಾಪಾಡುವುದು ಇದೊಂದೇ. ಒಳಗಿನ ತಗಡುಗಳಿಗೆಲ್ಲ ಅರ್ತ್ ವೈರು, ಮೂರು ಪಿನ್ನಿನ ಪ್ಲಗ್ಗು, ಹಿಂದೆ, ಕರೆಂಟು ಸೋರಿದರೆ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ನೀರೂ ಕರೆಂಟೂ ಒಂದೇ ಪೆಟ್ಟಿಗೆಯಲ್ಲಿವೆ; ವೈರಿಂಗ್ ಗೊತ್ತಿಲ್ಲದವರು ಈ ಭಾಗವನ್ನು ಎಲೆಕ್ಟ್ರಿಷಿಯನ್ನಿಗೆ ಬಿಡಿ.

ಟ್ರೇ

ಐದು ಟ್ರೇ, 17½×17 ಇಂಚು, ಒಂದರ ಮೇಲೊಂದು 3 ಇಂಚು ಅಂತರ. ಚೌಕಟ್ಟಿಗೆ ಮುಕ್ಕಾಲು ಇಂಚಿನ ರೀಪು, ಜಾಲರಿ ಸ್ಟೀಲಿನದು, ಕಣ್ಣು 5 ಎಂಎಂ. ಕಿಟಕಿಗೆ ಹಾಕುವ ಫೈಬರ್ ಗ್ಲಾಸ್ ಜಾಲರಿ ಬೇಡ, ಅದರ ಎಳೆ ಉದುರುತ್ತದೆ. ನೈಲಾನ್ ಜಾಲರಿ ಬಿಸಿಗೆ ಜೋತುಬೀಳುತ್ತದೆ. ಜಾಲರಿಯನ್ನು ಬರೀ ಸ್ಟೇಪ್ಲರ್ ಪಿನ್ನಿನಿಂದ ಹೊಡೆದರೆ ಒಂದಲ್ಲ ಒಂದು ದಿನ ಪಿನ್ನು ಅಣಬೆಯೊಳಗೆ ಸಿಗುತ್ತದೆ, ಮೇಲೆ ತೆಳು ಪಟ್ಟಿ ಇಟ್ಟು ಸ್ಕ್ರೂ ಹಾಕಿ.

ಮೊದಲು ಖಾಲಿ ಪೆಟ್ಟಿಗೆಯನ್ನು 60 ಡಿಗ್ರಿಗೆ ಆರು ಗಂಟೆ ಓಡಿಸಿ. ಮಾರನೇ ದಿನ ಇನ್ನೊಮ್ಮೆ, ಈ ಸಲ ಒಂದು ತಟ್ಟೆ ಅವಲಕ್ಕಿ ಇಟ್ಟು. ಅವಲಕ್ಕಿ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ಮೂಸಿದಾಗ ಪ್ಲೈವುಡ್ ವಾಸನೆ ಬಂದರೆ ಪೆಟ್ಟಿಗೆ ಇನ್ನೂ ತಯಾರಾಗಿಲ್ಲ. ಇದೇ ಹೊತ್ತಿಗೆ ಮೇಲಿನ ಟ್ರೇ ಮಟ್ಟದಲ್ಲಿ ಇನ್ನೊಂದು ಥರ್ಮಾಮೀಟರ್ ಇಟ್ಟು, ಮೇಲೆ ಕೆಳಗೆ ಎಷ್ಟು ಡಿಗ್ರಿ ಅಂತರವಿದೆ ಎಂದು ಬಾಗಿಲ ಮೇಲೆ ಬರೆದಿಡಿ. ಆ ಅಂಕಿ ಮುಂದೆ ಕೆಲಸಕ್ಕೆ ಬರುತ್ತದೆ.

ಒಣಗಿಸುವುದು

ಅಣಬೆ ತೊಳೆಯಬೇಡಿ, ಸ್ಪಂಜಿನಂತೆ ನೀರು ಹೀರುತ್ತದೆ. ಹುಲ್ಲಿನ ಚೂರು ಒರೆಸಿ, ಬುಡದ ಗಟ್ಟಿ ಭಾಗ ಕತ್ತರಿಸಿ, ಕೊಡೆಯನ್ನು ಗೆರೆಗಳ ಗುಂಟ ಒಂದಿಂಚಿನ ಪಟ್ಟಿಯಾಗಿ ಕೈಯಲ್ಲೇ ಸೀಳಿ. ಹಾಲು ಅಣಬೆಯ ಕಾಲು ದಪ್ಪ, ಅದನ್ನು 5 ಎಂಎಂ ಬಿಲ್ಲೆ ಮಾಡದಿದ್ದರೆ ಹೊರಗೆ ಒಣಗಿ ಒಳಗೆ ಹಸಿಯಾಗೇ ಉಳಿಯುತ್ತದೆ. ಟ್ರೇಗೆ 400 ಗ್ರಾಂ, ಒಂದರ ಮೇಲೊಂದು ಬೀಳದಂತೆ. ಆಸೆಪಟ್ಟು 3 ಕಿಲೋ ತುಂಬಿದರೆ ಮಧ್ಯದ ಟ್ರೇ ಹುಳಿ ವಾಸನೆ ಹಿಡಿಯುತ್ತದೆ.

ಕೊಡೆಯ ಅಂಚು ಮೇಲಕ್ಕೆ ಮಡಚಿಕೊಂಡ ಬಲಿತ ಅಣಬೆ ಬಿಳಿ ಪುಡಿ ಉದುರಿಸುತ್ತದೆ. ಫ್ಯಾನು ಆ ಬೀಜಕಣಗಳನ್ನು ಮನೆ ತುಂಬ ಹರಡಿದರೆ ಒಣ ಕೆಮ್ಮು ಖಂಡಿತ. ಅಂಥವನ್ನು ಮೊದಲೇ ಬೇರೆ ಮಾಡಿ, ಪೆಟ್ಟಿಗೆಯನ್ನೂ ಮಲಗುವ ಕೋಣೆಯಲ್ಲಿಡದೆ ಜಗಲಿಯಲ್ಲಿ, ಎರಚಲು ತಾಗದ ಕಡೆ ಇಡಿ. ಕಾಡಿನಿಂದ ತಂದ ಗುರುತಿಲ್ಲದ ಅಣಬೆಗೆ ಈ ಪೆಟ್ಟಿಗೆಯಲ್ಲಿ ಜಾಗವಿಲ್ಲ, ಒಣಗಿಸಿದ ಮಾತ್ರಕ್ಕೆ ವಿಷ ಹೋಗುವುದಿಲ್ಲ.

ಮೊದಲ ಮೂರು ಗಂಟೆ 45 ಡಿಗ್ರಿ, ಕಿಂಡಿ ಪೂರ್ತಿ ತೆರೆದು. ಕೈ ಹಿಡಿದರೆ ಬೆವರಿದಂಥ ಗಾಳಿ ತಾಗಬೇಕು. ಆಮೇಲೆ ಕಿಂಡಿ ಅರ್ಧಕ್ಕೆ ಸರಿಸಿ 55. ಕೊನೆಯ ಒಂದು ಗಂಟೆ 60. ಎರಡು ಗಂಟೆಗೊಮ್ಮೆ ಕೆಳಗಿನ ಟ್ರೇ ಮೇಲಕ್ಕೆ, ಉಳಿದವು ಒಂದೊಂದು ಮೆಟ್ಟಿಲು ಕೆಳಕ್ಕೆ. ಒಟ್ಟು 8ರಿಂದ 10 ಗಂಟೆ, ಜಡಿಮಳೆಯಲ್ಲಿ 12.

ಮೊದಲೇ 65-70ಕ್ಕೆ ಏರಿಸಿದರೆ ಬೇಗ ಮುಗಿಯುತ್ತದಲ್ಲ ಎಂದು ಎಲ್ಲರಿಗೂ ಒಮ್ಮೆ ಅನ್ನಿಸುತ್ತದೆ. ಆಗ ಅಣಬೆ ನೀರು ಬಿಟ್ಟುಕೊಂಡು ಬೇಯುತ್ತದೆ, ಬಣ್ಣ ಕಂದಾಗುತ್ತದೆ, ಮೈಮೇಲೆ ಚರ್ಮದಂಥ ಪದರ ಕಟ್ಟಿ ಒಳಗಿನ ನೀರಿಗೆ ದಾರಿ ಮುಚ್ಚುತ್ತದೆ. ಮುಟ್ಟಿದರೆ ಒಣಗಿದಂತೆ ಕಾಣುವ ಈ ಅಣಬೆಯೇ ಡಬ್ಬಿಯಲ್ಲಿ ಬೂಸಲು ಹಿಡಿಯುವುದು. ಚೀಲದಲ್ಲಿ ಚಿಕ್ಕ ನೊಣಗಳ ಕಾಟವಿದ್ದರೆ ಬಿಸಿಗೆ ಒಳಗಿನ ಹುಳುಗಳು ಹೊರಬಂದು ತಗಡಿನ ಮೇಲೆ ಬೀಳುತ್ತವೆ. ಪ್ರತಿ ಸಲ ಮುಗಿದ ಮೇಲೆ ಆ ತಗಡು ಒರೆಸಿ.

ಮುಗಿಯಿತೋ ಇಲ್ಲವೋ ತಿಳಿಯಲು ಬಾಗಿಲ ಮೇಲೆ ಬರೆದ ಅಂಕಿ ನೋಡಿ. ಮೊದಲ ಗಂಟೆಗಳಲ್ಲಿ ಮೇಲಿನ ಥರ್ಮಾಮೀಟರ್ ಕೆಳಗಿನದಕ್ಕಿಂತ 10-15 ಡಿಗ್ರಿ ಕಡಿಮೆ ತೋರಿಸುತ್ತದೆ, ನೀರು ಆವಿಯಾಗುವಾಗ ಬಿಸಿಯನ್ನು ನುಂಗುತ್ತದೆ. ಅಂತರ ಕುಗ್ಗುತ್ತಾ ಖಾಲಿ ಪೆಟ್ಟಿಗೆಯ ಅಂತರಕ್ಕೆ ಬಂದು ನಿಂತರೆ ಇನ್ನು ಆರುವ ನೀರಿಲ್ಲ. ನಂತರ ಅತಿ ದಪ್ಪದ ಕಾಲಿನ ತುಂಡು ತೆಗೆದು ಒಂದು ನಿಮಿಷ ಆರಿಸಿ ಮುರಿಯಿರಿ. ಹಪ್ಪಳದಂತೆ ಕಟ್ಟೆಂದು ಮುರಿಯಬೇಕು, ಬಾಗಿದರೆ ಇನ್ನೊಂದು ಗಂಟೆ. ಬಿಸಿಯಲ್ಲೇ ಪರೀಕ್ಷಿಸಬೇಡಿ, ಬಿಸಿ ಇದ್ದಾಗ ಒಣಗಿದ್ದೂ ಮೆತ್ತಗಿರುತ್ತದೆ. ತಕ್ಕಡಿಯಲ್ಲಿ 2 ಕಿಲೋ 220 ಗ್ರಾಮಿನ ಆಸುಪಾಸಿಗೆ ಇಳಿದಿರಬೇಕು.

ಮಳೆಗಾಲದಲ್ಲಿ ಪೆಟ್ಟಿಗೆ ಆರಿಸಿ "ಬೆಳಿಗ್ಗೆ ತುಂಬಿದರಾಯಿತು" ಎಂದು ಮಲಗಿದರೆ ರಾತ್ರಿಯೆಲ್ಲ ತೇವ ಎಳೆದು ಬೆಳಿಗ್ಗೆಗೆ ಮತ್ತೆ ಮೆತ್ತಗಾಗಿರುತ್ತದೆ. ಒಂದೊಂದೇ ಟ್ರೇ ತೆಗೆದು, ಕೈಗೆ ಬೆಚ್ಚಗಿರುವಾಗಲೇ ಗಾಜಿನ ಬಾಟಲಿಗೆ ತುಂಬಿ ಮುಚ್ಚಳ ಬಿಗಿ ಮಾಡಿ. ಮೊದಲ ವಾರ ದಿನಕ್ಕೊಮ್ಮೆ ಬಾಟಲಿ ಅಲ್ಲಾಡಿಸಿ: ಗಾಜಿನ ಒಳಗೆ ಮಂಜು ಕಂಡರೆ, ತುಂಡುಗಳು ಒಂದಕ್ಕೊಂದು ಅಂಟಿದರೆ ಎಲ್ಲವನ್ನೂ ಮತ್ತೆ 55 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ಪುಡಿ ಬೇಕಾದವರು ಪೆಟ್ಟಿಗೆಯಿಂದ ತೆಗೆದ ಹತ್ತು ನಿಮಿಷದೊಳಗೆ ಮಿಕ್ಸಿಗೆ ಹಾಕಲಿ, ಮಾರನೇ ದಿನಕ್ಕೆ ಇಟ್ಟರೆ ಬ್ಲೇಡಿಗೆ ನಾರಿನಂತೆ ಸುತ್ತಿಕೊಳ್ಳುತ್ತದೆ.