ನೆಬ್ಯುಲೈಸರ್ ಕೊಳ್ಳುವಾಗ ಮೊದಲು ಗಾಳಿ ನೋಡಿ, ಬೆಲೆ ಆಮೇಲೆ

ಮೆಡಿಕಲ್ ಶಾಪ್‌ಗೆ ಹೋಗಿ ನೆಬ್ಯುಲೈಸರ್ (ಔಷಧಿಯನ್ನು ಮಂಜಾಗಿಸಿ ಉಸಿರಿನ ಜೊತೆ ಎಳೆದುಕೊಳ್ಳಲು ಕೊಡುವ ಮಷಿನ್) ಬೇಕು ಅಂದರೆ ಕೌಂಟರಿನ ಆಚೆಯಿಂದ ಬರುವ ಮೊದಲ ಪ್ರಶ್ನೆ, ‘ಎಷ್ಟರೊಳಗ ಬೇಕ್ರಿ?’ ಯಾರಿಗೆ, ಯಾವ ಔಷಧಿಗೆ, ದಿನಕ್ಕೆ ಎಷ್ಟು ಸಲ ಎಂದು ಕೇಳುವವರು ಕಡಿಮೆ. 1,500 ರೂಪಾಯಿಯದೂ 5,000 ರೂಪಾಯಿಯದೂ ಒಂದೇ ತರಹದ ಬಿಳಿ ಡಬ್ಬಿ. ಸ್ವಿಚ್ ಹಾಕಿದರೆ ಎರಡೂ ಗುರ್ ಅನ್ನುತ್ತವೆ, ಎರಡರಿಂದಲೂ ಹೊಗೆಯಂತೆ ಮಂಜು ಬರುತ್ತದೆ. ಆದರೆ ಆ ಮಂಜಿನಲ್ಲಿ ಎಷ್ಟು ಪಾಲು ಶ್ವಾಸಕೋಶದ ಒಳಗೆ ಇಳಿಯುತ್ತದೆ, ಎಷ್ಟು ಗಂಟಲಲ್ಲೇ ಉಳಿಯುತ್ತದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಈ ಮಷಿನ್ ಬೇಕಾದವರು ಬಹಳ ಮಂದಿ. ಸಂಡೂರು ಕಡೆ ಅದಿರಿನ ಧೂಳು, ಹಟ್ಟಿಯ ಚಿನ್ನದ ಗಣಿಯಲ್ಲಿ ಕಲ್ಲಿನ ಪುಡಿ, ರಾಯಚೂರಿನ ಜಿನ್ನಿಂಗ್ ಮಿಲ್ಲುಗಳಲ್ಲಿ ಹತ್ತಿಯ ಎಳೆ, ಗಂಗಾವತಿ, ಸಿಂಧನೂರಿನ ರೈಸ್‌ಮಿಲ್ಲುಗಳಲ್ಲಿ ಹೊಟ್ಟಿನ ಧೂಳು. ಇದ್ಯಾವುದೂ ಇಲ್ಲದವರಿಗೆ ಬೀಡಿ ಇದೆ. ಬೀಡಿ ಮುಟ್ಟದೆಯೂ ದಮ್ಮು ಹತ್ತಿಸಿಕೊಂಡ ಅವ್ವಂದಿರು ಎಷ್ಟೋ ಜನ, ಆಯುಷ್ಯವೆಲ್ಲ ಹತ್ತಿ ಕಟ್ಟಿಗೆ, ಜಾಲಿ ಕಟ್ಟಿಗೆಯ ಒಲೆ ಊದಿದವರು.

ಮೊದಲ ಹೆಜ್ಜೆ: ಮಷಿನ್ ಬೇಕೇ ಬೇಕಾ?

ಇದನ್ನು ಡಾಕ್ಟರ ಹತ್ತಿರವೇ ಕೇಳಿ. ಆಸ್ತಮಾ ಇರಲಿ, ಸಿಒಪಿಡಿ (ಶ್ವಾಸನಾಳ ಕಿರಿದಾಗಿ ದಮ್ಮು ಹತ್ತುವ ದೀರ್ಘಕಾಲದ ರೋಗ) ಇರಲಿ, ಬಹಳಷ್ಟು ಜನರಿಗೆ ಇನ್‌ಹೇಲರ್ ಜೊತೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಇದ್ದರೆ ಸಾಕು. ಸರಿಯಾಗಿ ಎಳೆದುಕೊಂಡರೆ ಅದು ನೆಬ್ಯುಲೈಸರಿನಷ್ಟೇ ಕೆಲಸ ಮಾಡುತ್ತದೆ. ಕರೆಂಟ್ ಬೇಕಿಲ್ಲ, ಸಣ್ಣ ಚೀಲದಲ್ಲಿ ಹೋಗುತ್ತದೆ. ದೊಡ್ಡ ಮಷಿನ್ ಅಂದರೆ ದೊಡ್ಡ ಔಷಧಿ ಎಂಬ ನಂಬಿಕೆ ನಮ್ಮಲ್ಲಿ ಜಾಸ್ತಿ, ಅದು ನಿಜವಲ್ಲ.

ಹಾಗಾದರೆ ಯಾರಿಗೆ ಬೇಕು? ಕೈ ನಡುಗುವ, ಒತ್ತುವುದೂ ಎಳೆಯುವುದೂ ಒಟ್ಟಿಗೆ ಹೊಂದದ ವಯಸ್ಸಾದವರಿಗೆ. ಪದೇ ಪದೇ ದಮ್ಮು ಏರಿ ಆಸ್ಪತ್ರೆ ಸೇರುವವರಿಗೆ. ಬ್ರಾಂಕಿಯೆಕ್ಟಾಸಿಸ್, ಅಂದರೆ ಶ್ವಾಸನಾಳ ಹಿಗ್ಗಿ ಕಫ ತುಂಬಿಕೊಳ್ಳುವ ರೋಗ ಇದ್ದು, ಕಟ್ಟಿದ ಕಫ ಸಡಿಲಾಗಲು ಉಪ್ಪಿನ ದ್ರಾವಣ ಎಳೆಯಬೇಕಾದವರಿಗೆ. ಹಿಂದೆ ಟಿಬಿ ಆಗಿ ಶ್ವಾಸಕೋಶ ಕೆಟ್ಟವರಲ್ಲಿ ಈ ಕೊನೆಯ ತೊಂದರೆ ಸಾಮಾನ್ಯ. ಒಂದು ಮಾತು ಇಲ್ಲೇ ಹೇಳಬೇಕು. ಕೆಮ್ಮು ಎರಡು ವಾರ ದಾಟಿದ್ದರೆ ಮೊದಲು ಕಫ ಪರೀಕ್ಷೆ ಮಾಡಿಸಿ. ಟಿಬಿ ಇರುವವರು ನೆಬ್ಯುಲೈಸರ್ ಹಚ್ಚಿಕೊಂಡು ಕೆಮ್ಮಿದರೆ ರೋಗಾಣು ಮನೆಮಂದಿಗೆಲ್ಲ ಹರಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಉಚಿತ.

ಡಾಕ್ಟರು ‘ತಗೊಳ್ಳಿ’ ಅಂದರೆ ಚೀಟಿಯಲ್ಲಿ ನಾಲ್ಕು ವಿಷಯ ಬರೆಸಿಕೊಳ್ಳಿ: ಔಷಧಿಗಳ ಹೆಸರು, ಒಂದು ಸಲಕ್ಕೆ ಒಟ್ಟು ಎಷ್ಟು ಮಿ.ಲೀ., ದಿನಕ್ಕೆ ಎಷ್ಟು ಸಲ, ಮುಖಕ್ಕೆ ಹಾಕುವ ಮಾಸ್ಕೋ ಬಾಯಲ್ಲಿ ಹಿಡಿಯುವ ಮೌತ್‌ಪೀಸೋ. ಅಂಗಡಿಯಲ್ಲಿ ನಿಮ್ಮ ಕೈಗೆ ಬಲ ಬರುವುದು ಈ ಚೀಟಿಯಿಂದ.

ಎರಡನೇ ಹೆಜ್ಜೆ: ಯಾವ ಜಾತಿಯದು?

ಮಾರುಕಟ್ಟೆಯಲ್ಲಿ ಮೂರು ತರಹ ಇವೆ. ಅಲ್ಟ್ರಾಸಾನಿಕ್ ಬೇಡ. ಅದು ಔಷಧಿಯನ್ನು ಬಿಸಿ ಮಾಡುತ್ತದೆ, ಬುಡೆಸೊನೈಡ್‌ನಂಥ (ಶ್ವಾಸನಾಳದ ಊತ ಇಳಿಸುವ ಸ್ಟೀರಾಯ್ಡ್) ಔಷಧಿಗೆ ಆಗಿಬರುವುದಿಲ್ಲ. ಮೆಶ್ ನೆಬ್ಯುಲೈಸರ್ ಅಂಗೈಯಷ್ಟು ಚಿಕ್ಕದು, ಸದ್ದಿಲ್ಲ, ಬ್ಯಾಟರಿಯಲ್ಲಿ ನಡೆಯುತ್ತದೆ. ಬಸ್ಸು, ರೈಲಿನಲ್ಲಿ ಜಾಸ್ತಿ ಓಡಾಡುವವರಿಗೆ ಒಳ್ಳೆಯದು. ಆದರೆ ಅದರ ಜಾಲರಿಯ ತೂತುಗಳು ಕಟ್ಟಿಕೊಂಡರೆ ಜಾಲರಿಯನ್ನೇ ಬದಲಿಸಬೇಕು, ಅದು ದುಬಾರಿ. ದಿನಾ ಮನೆಯಲ್ಲಿ ಬಳಸುವವರಿಗೆ ಹಳೆಯ ಕಂಪ್ರೆಸರ್ ಮಷಿನ್ನೇ ಗಟ್ಟಿ. ಇನ್ನು ಮುಂದಿನದೆಲ್ಲ ಅದರ ಬಗ್ಗೆಯೇ.

ಮೂರನೇ ಹೆಜ್ಜೆ: ಕಪ್ಪಿಗೆ ಮುಟ್ಟುವ ಗಾಳಿ ಎಷ್ಟು?

ಕಂಪ್ರೆಸರ್ ಮಾಡುವುದು ಒಂದೇ ಕೆಲಸ, ಗಾಳಿಯನ್ನು ಒತ್ತಿ ಕಳಿಸುವುದು. ಆ ಗಾಳಿ ಔಷಧಿ ಕಪ್ಪಿನ ತಳದ ಸಣ್ಣ ತೂತಿನಿಂದ ನುಗ್ಗುವಾಗ ಔಷಧಿಯನ್ನು ಮೇಲಕ್ಕೆ ಸೆಳೆದು, ಹನಿ ಹನಿಯಾಗಿ ಒಡೆಯುತ್ತದೆ. ಇದು ಹಬೆಯಲ್ಲ, ತಣ್ಣನೆಯ ಮಂಜು. ಹನಿ 1ರಿಂದ 5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಇದ್ದರೆ ಶ್ವಾಸನಾಳದ ಒಳಕ್ಕೆ ಇಳಿಯುತ್ತದೆ. ಅದಕ್ಕಿಂತ ದೊಡ್ಡದಾದರೆ ಬಾಯಿ, ಗಂಟಲಿನಲ್ಲೇ ಕೂರುತ್ತದೆ. ಗಾಳಿ ಸಾಲದಿದ್ದರೆ ಹನಿ ದೊಡ್ಡದಾಗುತ್ತದೆ, ಹೊತ್ತೂ ಜಾಸ್ತಿ ಹಿಡಿಯುತ್ತದೆ.

ಬಹಳಷ್ಟು ಸಾಮಾನ್ಯ ಕಪ್ಪುಗಳು ಚೆನ್ನಾಗಿ ಕೆಲಸ ಮಾಡುವುದು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿಯಲ್ಲಿ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 7, 8, 10 ಎಂದೆಲ್ಲ ಬರೆದಿರುತ್ತದೆ. ಮೋಸ ಹೋಗಬೇಡಿ. ಅದು ಸಾಮಾನ್ಯವಾಗಿ ‘ಫ್ರೀ ಫ್ಲೋ’, ಕಪ್ ಜೋಡಿಸದೆ ಬರೀ ಬಾಯಿಂದ ಬರುವ ಗಾಳಿ. ಬೋರ್‌ವೆಲ್ ಮೋಟಾರು ಬರೀ ಪೈಪಿನಲ್ಲಿ ಸುರಿಯುವ ನೀರು ಬೇರೆ, ಸ್ಪ್ರಿಂಕ್ಲರ್ ಹಚ್ಚಿದ ಮೇಲೆ ಬರುವ ನೀರು ಬೇರೆ, ಅಲ್ವಾ? ನಿಮಗೆ ಬೇಕಾದದ್ದು ಎರಡನೆಯದು. ಕೈಪಿಡಿಯಲ್ಲಿ ಅದನ್ನು ‘ಆಪರೇಟಿಂಗ್ ಫ್ಲೋ’ ಎಂದು ಬರೆದಿರುತ್ತಾರೆ. ಆ ಸಾಲೇ ಇಲ್ಲದ ಮಷಿನ್ನನ್ನು ನಾನಾದರೆ ವಾಪಸ್ ಇಡುತ್ತೇನೆ.

ಹಾಗಂತ 4–5 ಲೀಟರ್ ಅಂದ ಕೂಡಲೇ ಬೇಡ ಅನ್ನಬೇಕಿಲ್ಲ. ಕೆಲವು ಕಂಪನಿಗಳು ತಮ್ಮ ಕಂಪ್ರೆಸರಿಗೆ ತಕ್ಕ ಕಪ್ಪನ್ನೇ ಮಾಡಿ, ಕಡಿಮೆ ಗಾಳಿಯಲ್ಲೂ ಸಣ್ಣ ಹನಿ ಬರುವಂತೆ ಮಾಡಿರುತ್ತವೆ. ಅಂದರೆ ಮಷಿನ್ ಮತ್ತು ಕಪ್ ಜೋಡಿಯಾಗಿ ಕೆಲಸ ಮಾಡುತ್ತವೆ. ಆ ಜೋಡಿಗೆ ಹನಿಯ ಗಾತ್ರ ಎಷ್ಟು, 5 ಮೈಕ್ರಾನ್‌ಗಿಂತ ಸಣ್ಣ ಹನಿಗಳ ಪಾಲು ಎಷ್ಟು ಎಂದು ಕೈಪಿಡಿಯಲ್ಲಿ ಹುಡುಕಿ. ಮಷಿನ್ ಒಂದು ಕಂಪನಿಯದು ಇಟ್ಟುಕೊಂಡು 100–150 ರೂಪಾಯಿಯ ಯಾವುದೋ ಕಿಟ್ (ಕಪ್, ಪೈಪ್, ಮಾಸ್ಕ್) ತಂದು ಸಿಕ್ಕಿಸಿದರೆ ಆ ಲೆಕ್ಕವೆಲ್ಲ ಅಲ್ಲಿಗೇ ಮುಗಿಯಿತು.

ಇನ್ನೊಂದು ಅಂಕಿ, ನಿಮಿಷಕ್ಕೆ ಎಷ್ಟು ಔಷಧಿ ಮಂಜಾಗುತ್ತದೆ ಅನ್ನುವುದು. 0.2 ಮಿ.ಲೀ. ಎಂದಿದ್ದರೆ 3 ಮಿ.ಲೀ. ಮುಗಿಯಲು 15 ನಿಮಿಷ. 0.3 ಇದ್ದರೆ 10 ನಿಮಿಷ. ದಿನಕ್ಕೆ ಮೂರು, ನಾಲ್ಕು ಸಲ ಕೂರಬೇಕಾದ ಅಜ್ಜನಿಗೆ ಈ ಐದೈದು ನಿಮಿಷ ಸಣ್ಣದಲ್ಲ. ಬೇಸರವಾಗಿ ಅರ್ಧಕ್ಕೆ ತೆಗೆದಿಡುತ್ತಾರೆ.

ಕಪ್ಪಿನ ತಳದಲ್ಲಿ ಕೊನೆಗೆ ಒಂದಿಷ್ಟು ಔಷಧಿ ಉಳಿದೇ ಉಳಿಯುತ್ತದೆ. 2.5 ಮಿ.ಲೀ. ಹಾಕಿ 1 ಮಿ.ಲೀ. ಉಳಿದರೆ ನೂರಕ್ಕೆ 40ರಷ್ಟು ದಂಡ. ಉಳಿಕೆ ಕಡಿಮೆ ಇರುವ ಕಪ್ ಆರಿಸಿ. ಸಲೈನ್ ಬೆರೆಸಿ 4 ಮಿ.ಲೀ. ಮಾಡಬಹುದಾ ಎಂದು ಡಾಕ್ಟರನ್ನು ಕೇಳಿ. ಮಂಜು ತಡೆದು ತಡೆದು ಬರತೊಡಗಿದಾಗ ಕಪ್ಪನ್ನು ಬೆರಳಿನಿಂದ ತಟ್ಟಿ.

ಮಾಸ್ಕ್‌ಗಿಂತ ಮೌತ್‌ಪೀಸ್ ಒಳ್ಳೆಯದು, ಬಾಯಿಂದ ಎಳೆಯಬಲ್ಲವರಾದರೆ. ಮಾಸ್ಕ್‌ನಲ್ಲಿ ಮೂಗು ಔಷಧಿಯನ್ನು ಸೋಸಿಬಿಡುತ್ತದೆ. ಶ್ವಾಸನಾಳ ಸಡಿಲಿಸುವ ಇಪ್ರಾಟ್ರೋಪಿಯಂ ಇರುವ ಔಷಧಿ ಮಾಸ್ಕ್‌ನ ಸಂದಿಯಿಂದ ಕಣ್ಣಿಗೆ ಹೋದರೆ ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಏರುವ ರೋಗ) ಇರುವವರಿಗೆ ಅಪಾಯ. ಬುಡೆಸೊನೈಡ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಮಾಸ್ಕ್ ಹಾಕಿದ್ದರೆ ಮುಖವನ್ನೂ ತೊಳೆಯಬೇಕು. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬೂಷ್ಟು ಬರುತ್ತದೆ.

ನಾಲ್ಕನೇ ಹೆಜ್ಜೆ: ನಮ್ಮ ಬಿಸಿಲು, ಧೂಳು, ಕರೆಂಟಿಗೆ ತಡೆಯುತ್ತದಾ?

ಬೆಂಗಳೂರಿನವರು ಹೇಳಿದ ಮಷಿನ್ ನಮ್ಮೂರಿಗೆ ಯಾಕೆ ಹೊಂದದಿರಬಹುದು ಅನ್ನುವುದು ಇಲ್ಲಿದೆ. ಬಹಳಷ್ಟು ಮಷಿನ್ನುಗಳ ಕೈಪಿಡಿಯಲ್ಲಿ ಬಳಸುವ ಉಷ್ಣಾಂಶದ ಮಿತಿ 40 ಡಿಗ್ರಿ ಎಂದೇ ಇರುತ್ತದೆ. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿ ಆ ಗೆರೆ ದಾಟಿಯೇ ಇರುತ್ತವೆ. ಹಳೆಯ ಮಣ್ಣಿನ ಮಾಳಿಗೆ ಮನೆಯಾದರೆ ಒಳಗೆ ತಂಪು. ತಗಡಿನ ಶೀಟಿನ ಕೆಳಗೆ ಮಧ್ಯಾಹ್ನ ಎರಡಕ್ಕೆ ಕಂಪ್ರೆಸರ್ ಹಚ್ಚಿದರೆ ಅದು ಕಾಯ್ದು ತಾನೇ ನಿಲ್ಲುತ್ತದೆ. ಕೆಟ್ಟಿತು ಎಂದು ಜನ ಅಂಗಡಿಗೆ ಹೊತ್ತೊಯ್ಯುತ್ತಾರೆ. ಕೆಟ್ಟಿರುವುದಿಲ್ಲ, ಒಳಗಿನ ಸುರಕ್ಷತಾ ಸ್ವಿಚ್ ತನ್ನ ಕೆಲಸ ಮಾಡಿರುತ್ತದೆ.

ಆದ್ದರಿಂದ ‘ಎಷ್ಟು ಹೊತ್ತು ನಡೆಸಬಹುದು, ಎಷ್ಟು ಹೊತ್ತು ಬಿಡುವು ಕೊಡಬೇಕು’ ಎಂದು ಕೇಳಿ. ಕೆಲವು ಅಗ್ಗದ ಮಷಿನ್ನುಗಳಿಗೆ 20 ನಿಮಿಷ ನಡೆಸಿದರೆ 40 ನಿಮಿಷ ಬಿಡುವು ಬೇಕು. ಒಬ್ಬರೇ ಬಳಸುವವರಾದರೆ ಚಿಂತೆಯಿಲ್ಲ. ಮನೆಯಲ್ಲಿ ಅಜ್ಜಿಗೂ ಮೊಮ್ಮಗನಿಗೂ ಒಂದೇ ಮಷಿನ್ ಆದರೆ, ಅಥವಾ ಎರಡು ಮೂರು ಔಷಧಿ ಒಂದರ ಹಿಂದೊಂದು ಎಳೆಯುವವರಾದರೆ, ಬಿಡುವಿಲ್ಲದೆ ನಡೆಯುವ ಮಷಿನ್ನೇ ಕೊಳ್ಳಿ. ಜಾಸ್ತಿ ಕೊಡುವ ದುಡ್ಡಿಗೆ ನಿಜವಾದ ಅರ್ಥ ಬರುವುದು ಇಲ್ಲಿ. ಕರಡಿ ಮುಖದ, ರೈಲಿನ ಆಕಾರದ ಮಷಿನ್ನಿಗೆ ಕೊಡುವ ಹೆಚ್ಚಿನ ದುಡ್ಡಿಗಲ್ಲ.

ಶಕ್ತಿನಗರ, ಕುಡುತಿನಿಯಲ್ಲಿ ನಾಡಿಗೆಲ್ಲ ಕರೆಂಟ್ ಮಾಡಿ ಕಳಿಸುವ ಜಿಲ್ಲೆಗಳು ನಮ್ಮವು. ಆದರೂ ಹಳ್ಳಿಯಲ್ಲಿ ಸಂಜೆ ಬಲ್ಬು ಮಂಕಾಗುವುದು ಗೊತ್ತಿದ್ದದ್ದೇ. ವೋಲ್ಟೇಜ್ ಇಳಿದರೆ ಮೋಟಾರಿನ ವೇಗವೂ ಇಳಿಯುತ್ತದೆ, ಗಾಳಿಯೂ ಕಮ್ಮಿಯಾಗುತ್ತದೆ. ಮಷಿನ್ ಎಷ್ಟು ವೋಲ್ಟಿನವರೆಗೆ ತಡೆಯುತ್ತದೆ ಎಂಬುದು ಅದರ ಬೆನ್ನಿನ ಚೀಟಿಯಲ್ಲಿದೆ. ಇನ್ವರ್ಟರ್ ಇದ್ದರೆ ಸೈನ್‌ವೇವ್ ಆಗಿರಲಿ. ಸ್ಕ್ವೇರ್‌ವೇವ್‌ನಲ್ಲಿ ಇಂಥ ಮೋಟಾರು ಗೊರಗೊರ ಎಂದು ಕಾಯುತ್ತದೆ. ಅಮೆರಿಕದಲ್ಲಿರುವ ಮಗ ಪ್ರೀತಿಯಿಂದ ತಂದ ಮಷಿನ್ 110 ವೋಲ್ಟಿನದಾಗಿದ್ದರೆ ನಮ್ಮ 230ಕ್ಕೆ ಸಿಕ್ಕಿಸಿದ ಕೂಡಲೇ ಸುಟ್ಟುಹೋಗಬಹುದು. ಕರೆಂಟ್ ಇಲ್ಲದ ಹೊತ್ತಿಗೆ ಮನೆಯಲ್ಲಿ ಇನ್‌ಹೇಲರ್, ಸ್ಪೇಸರ್ ಇರಲೇಬೇಕು.

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇರುವವರು ಅದಕ್ಕೇ ಕಪ್ ಸಿಕ್ಕಿಸಿ ದುಡ್ಡು ಉಳಿಸಲು ನೋಡುತ್ತಾರೆ. ಬೇಡ. ಅದರ ಒತ್ತಡ ಸಾಮಾನ್ಯವಾಗಿ ಸಾಲದು. ಜೊತೆಗೆ ಸಿಒಪಿಡಿ ಇರುವ ಕೆಲವರಿಗೆ ಆಕ್ಸಿಜನ್ ಜಾಸ್ತಿಯಾದರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರುತ್ತದೆ.

ಧೂಳಿನ ಮಾತು. ಕಂಪ್ರೆಸರ್ ಗಾಳಿ ಎಳೆಯುವ ಜಾಗದಲ್ಲಿ ಬೆರಳ ತುದಿಯಷ್ಟು ಫಿಲ್ಟರ್ ಇರುತ್ತದೆ. 3ರಿಂದ 6 ತಿಂಗಳಿಗೊಮ್ಮೆ ಬದಲಿಸಿ ಎಂದು ಕಂಪನಿಗಳು ಹೇಳುತ್ತವೆ. ಅದಿರಿನ ಲಾರಿ ಓಡಾಡುವ ರಸ್ತೆಯ ಬದಿಯ ಮನೆಯಲ್ಲಿ ಅಷ್ಟು ದಿನ ಕಾಯಬೇಡಿ. ತಿಂಗಳಿಗೊಮ್ಮೆ ತೆಗೆದು ನೋಡಿ, ಬೂದಿ ಬಣ್ಣಕ್ಕೋ ಕೆಂಪಿಗೋ ತಿರುಗಿದ್ದರೆ ಬದಲಿಸಿ. ತೊಳೆಯಬೇಡಿ, ಹತ್ತಿ ತುರುಕಬೇಡಿ. ದುಡ್ಡು ಕೊಡುವ ಮೊದಲೇ ‘ಇದರ ಫಿಲ್ಟರ್ ತೋರ್ಸ್ರಿ’ ಅನ್ನಿ. ಅಂಗಡಿಯವರ ಹತ್ತಿರ ಇಲ್ಲದಿದ್ದರೆ ಆ ಮಷಿನ್ ನಿಮಗಲ್ಲ. ಐದಾರು ಫಿಲ್ಟರ್, ಒಂದು ಹೆಚ್ಚಿನ ಕಿಟ್ ಅವತ್ತೇ ಕೊಂಡುಬಿಡಿ.

ಐದನೇ ಹೆಜ್ಜೆ: ಅಂಗಡಿಯಲ್ಲೇ ನಡೆಸಿ ನೋಡಿ

ಒಂದು ನಾರ್ಮಲ್ ಸಲೈನ್ ಕೊಂಡು, ಸಿರಿಂಜಿನಲ್ಲಿ ಅಳೆದು 3 ಮಿ.ಲೀ. ಕಪ್ಪಿಗೆ ಹಾಕಿಸಿ. ಮೊಬೈಲಿನಲ್ಲಿ ಟೈಮ್ ನೋಡಿ. ಮಂಜು ತಡೆದು ಬರುವವರೆಗೆ 10 ನಿಮಿಷದ ಆಸುಪಾಸಿನಲ್ಲಿ ಮುಗಿದರೆ ಸರಿ, 15 ದಾಟಿದರೆ ಬೇಡ. ಅಂಗಡಿಯವರು ಮುಖ ಸಿಂಡರಿಸಬಹುದು, ಸಿಂಡರಿಸಲಿ. ಸದ್ದನ್ನೂ ಕೇಳಿಸಿಕೊಳ್ಳಿ. ರಾತ್ರಿ ಎರಡಕ್ಕೆ ಒಂದೇ ಕೋಣೆಯಲ್ಲಿ ಮಕ್ಕಳು ಮಲಗಿರುವಾಗ ಅದೇ ಸದ್ದು ದುಪ್ಪಟ್ಟಾಗಿ ಕೇಳುತ್ತದೆ.

ಆ ಟೈಮನ್ನು ಡಬ್ಬಿಯ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ಹೀಗೇ ಪರೀಕ್ಷಿಸಿ. ನಾಲ್ಕೈದು ನಿಮಿಷ ಜಾಸ್ತಿಯಾದರೆ ಮೊದಲು ಫಿಲ್ಟರ್, ಆಮೇಲೆ ಕಪ್, ಆಮೇಲೆ ಪೈಪ್ ಬದಲಿಸಿ ನೋಡಿ. ಮೂರೂ ಹೊಸದಾದರೂ ಸರಿಹೋಗದಿದ್ದರೆ ಕಂಪ್ರೆಸರ್ ಸವೆದಿದೆ.

ಬೆಲೆಯ ವಿಷಯಕ್ಕೆ ಬಂದರೆ, 2021ರ ಜುಲೈನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ನೆಬ್ಯುಲೈಸರ್ ಸೇರಿ 5 ಉಪಕರಣಗಳ ಮೇಲಿನ ವ್ಯಾಪಾರದ ಲಾಭಕ್ಕೆ ಶೇ 70ರ ಮಿತಿ ಹಾಕಿತ್ತು. ಆದರೂ ಎಂಆರ್‌ಪಿಗೂ ಮಾರುವ ಬೆಲೆಗೂ ಬಹಳ ಅಂತರ ಇರುತ್ತದೆ, ಚೌಕಾಸಿ ಮಾಡಿ. ಡಬ್ಬಿಯ ಮೇಲೆ ತಯಾರಿಕೆ ಅಥವಾ ಆಮದು ಪರವಾನಗಿ ಸಂಖ್ಯೆ ಇರಲಿ, ಬಿಲ್ಲಿನಲ್ಲಿ ಮಷಿನ್ನಿನ ಸೀರಿಯಲ್ ನಂಬರ್ ಇರಲಿ. ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಕ್ಕರೆ ರಿಪೇರಿ ಎಲ್ಲಿ ಎಂದು ಮೊದಲು ನೋಡಿ. ವಾರಂಟಿ ಮೂರು ವರ್ಷ ಇದ್ದು ಸರ್ವಿಸ್‌ಗೆ ಬೆಂಗಳೂರಿಗೇ ಕಳಿಸಬೇಕಾದರೆ, ಅಲ್ಲಿಯವರೆಗೆ ಅವ್ವನಿಗೆ ಏನು ಮಾಡುವುದು?

ತಂದ ಮೇಲೆ

ಪ್ರತಿ ಸಲ ಮುಗಿದ ಕೂಡಲೇ ಉಳಿದ ಔಷಧಿ ಚೆಲ್ಲಿ, ಕಪ್ ಮತ್ತು ಮೌತ್‌ಪೀಸ್ ತೊಳೆದು, ಜಾಡಿಸಿ, ಶುಭ್ರ ಬಟ್ಟೆಯ ಮೇಲೆ ಒಣಗಿಸಿ. ದಿನಕ್ಕೊಮ್ಮೆ ಸೋಪಿನ ನೀರು. ಪೈಪನ್ನು ತೊಳೆಯಬಾರದು, ಬರೀ ಗಾಳಿ ಒಂದೆರಡು ನಿಮಿಷ ಹಾಯಿಸಿ ಒಣಗಿಸಬೇಕು. ಬೋರಿನ ಗಡಸು ನೀರಿನಲ್ಲೇ ತೊಳೆದು ಬಿಟ್ಟರೆ ಕಪ್ಪಿನ ಸಣ್ಣ ತೂತಿನಲ್ಲಿ ಉಪ್ಪು ಕಟ್ಟುತ್ತದೆ. ಕೊನೆಯ ಸಲ ಊರಿನ ಶುದ್ಧ ನೀರಿನ ಘಟಕದ ನೀರನ್ನು ಕುದಿಸಿ ಆರಿಸಿ ಅದರಲ್ಲಿ ತೊಳೆಯಿರಿ. ಕಪ್ಪನ್ನೇ ಕುದಿಸಬಹುದಾ ಎಂಬುದು ಕೈಪಿಡಿಯಲ್ಲಿರುತ್ತದೆ. ಅಗ್ಗದ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಓಣಿಯಲ್ಲಿ ಒಬ್ಬರ ಮನೆಗೆ ಮಷಿನ್ ಬಂದರೆ ರಾತ್ರಿ ಹೊತ್ತು ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಮಷಿನ್ ಕೊಡಿ, ಕಿಟ್ ಮಾತ್ರ ಕೊಡಬೇಡಿ, ನಿಮ್ಮ ಔಷಧಿಯನ್ನಂತೂ ಬೇಡವೇ ಬೇಡ.

ಮಷಿನ್ ಮನೆಯಲ್ಲಿದೆ ಎಂಬ ಧೈರ್ಯದಲ್ಲಿ ಆಸ್ಪತ್ರೆಗೆ ತಡ ಮಾಡುವುದು ಇದರ ದೊಡ್ಡ ಅಪಾಯ. ಡಾಕ್ಟರು ಹೇಳಿದ್ದಕ್ಕಿಂತ ಜಾಸ್ತಿ ಸಲ ಬೇಕಾಗುತ್ತಿದ್ದರೆ, ಕಫದ ಬಣ್ಣ ಹಸಿರಾಗಿದ್ದರೆ ಮರುದಿನವೇ ತೋರಿಸಿ. ಔಷಧಿ ಎಳೆದ ಮೇಲೂ ಒಂದು ಪೂರ್ತಿ ಮಾತು ಆಡಲು ಉಸಿರು ಸಾಲದಿದ್ದರೆ, ತುಟಿ, ಉಗುರು ನೀಲಿಯಾದರೆ, ಮಂಪರು ಬಂದರೆ ಇನ್ನೊಂದು ಡೋಸ್ ಹಾಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಆ ಡಾಕ್ಟರ ಚೀಟಿ ಜೊತೆಗಿರಲಿ. ಕೊನೆಯ ಸಲ ಯಾವ ಔಷಧಿ, ಎಷ್ಟು ಗಂಟೆಗೆ ಕೊಟ್ಟಿರಿ ಎಂದು ಅದರ ಹಿಂದೆ ಬರೆದುಕೊಂಡು ಹೋಗಿ. ಮುಂದಿನ ಡೋಸ್ ಎಷ್ಟು ಎಂದು ಆಸ್ಪತ್ರೆಯವರು ನಿರ್ಧರಿಸಲು ಅದು ಬೇಕು.