ಹಳೆ ಟೈರ್ ಹೇಳಿದ್ದನ್ನು ಕೇಳಿ ಹೊಸದನ್ನು ಕೊಂಡೆ

ಮೂರನೇ ಸೆಷನ್ ಮುಗಿಸಿ ಪಿಟ್‌ಗೆ ಬಂದು ಇಳಿದಾಗ ಮುಂದಿನ ಎಡ ಚಕ್ರದಿಂದ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬಗ್ಗಿ ನೋಡಿದೆ. ಟೈರ್‌ನ ಹೊರ ಅಂಚಿನ ಬ್ಲಾಕುಗಳು ಮೂಲೆ ಸವೆದು ಗುಂಡಗಾಗಿದ್ದವು. ಎರಡು ಕಡೆ ಹೆಬ್ಬೆರಳಿನ ಉಗುರಿನಷ್ಟು ರಬ್ಬರ್ ಕಿತ್ತುಬಂದಿತ್ತು. ಒಳ ಅಂಚು ಮಾತ್ರ ಹಾಕಿಸಿದ ದಿನ ಹೇಗಿತ್ತೋ ಹಾಗೇ ಇತ್ತು. ಆ ಟೈರ್‌ಗೆ ಅದು ಎರಡನೇ ಟ್ರ್ಯಾಕ್ ದಿನ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ.

ನನ್ನದು ದಿನಬಳಕೆಯ ಹ್ಯಾಚ್‌ಬ್ಯಾಕ್. ತೂಕ ಸುಮಾರು 1,050 ಕೆ.ಜಿ., ಎಂಜಿನ್ನೂ ಮುಂದೆ, ಎಳೆಯುವುದೂ ಮುಂದಿನ ಚಕ್ರಗಳೇ. ವಾರವಿಡೀ ಕೆಲಸಕ್ಕೆ ಹೋಗುವ ಕಾರಿನಲ್ಲೇ ಟ್ರ್ಯಾಕ್‌ಗೂ ಹೋಗುತ್ತೇನೆ, ಅದರಲ್ಲೇ ಮನೆಗೆ ವಾಪಸಾಗುತ್ತೇನೆ. ಟ್ರೇಲರ್ ಇಲ್ಲ, ಬದಲಿಗೆ ಇನ್ನೊಂದು ಜೊತೆ ಚಕ್ರವೂ ಇಲ್ಲ. ಇಲ್ಲಿ ಬರೆದಿರುವುದೆಲ್ಲ ಇಂಥ ಕಾರಿಗೆ ಸಲ್ಲುವ ಮಾತು.

ಅವತ್ತು ನನಗೆ ಮೊದಲು ಹೊಳೆದದ್ದು, ಈ ಟೈರ್ ಸಾಲದು, ಸೆಮಿ-ಸ್ಲಿಕ್ (ರೇಸ್ ಟೈರ್‌ಗೆ ಹತ್ತಿರದ ಮೆದು ಟೈರ್) ಹಾಕಿಸಬೇಕು ಅಂತ. ಪಕ್ಕದ ಗ್ಯಾರೇಜಿನಲ್ಲಿದ್ದ ಹಿರಿಯರೊಬ್ಬರು ಬಂದು ಟೈರ್ ಮೇಲೆ ಅಂಗೈ ಸವರಿ, "ಗಾಳಿ ಎಷ್ಟಿದೆ ನೋಡಿದ್ರಾ?" ಅಂದರು. ಬೆಳಿಗ್ಗೆ ಮನೆಯಲ್ಲಿ 32 ಪಿಎಸ್‌ಐ ಹಿಡಿಸಿಕೊಂಡು ಬಂದಿದ್ದೆ, ಆಮೇಲೆ ನೋಡಿರಲಿಲ್ಲ. ಅವರ ಗೇಜ್ ಹಚ್ಚಿದರೆ 41 ತೋರಿಸಿತು.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಟೈರ್‌ನೊಳಗಿನ ಗಾಳಿ 25 ಡಿಗ್ರಿಯಿಂದ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒತ್ತಡ ಒಂಬತ್ತು ಪಿಎಸ್‌ಐ ಏರುತ್ತದೆ. ಪ್ರತಿ ಹತ್ತು ಡಿಗ್ರಿಗೆ ಒಂದೂವರೆ ಪಿಎಸ್‌ಐ ಅಂತ ಬಾಯಿಲೆಕ್ಕ ಇಟ್ಟುಕೊಂಡರೆ ಸಾಕು. ಒತ್ತಡ ಏರಿದಂತೆ ಟೈರ್ ಉಬ್ಬುತ್ತದೆ, ನೆಲಕ್ಕೆ ತಾಗುವ ಭಾಗ ಕಿರಿದಾಗುತ್ತದೆ, ಜಾರುವಿಕೆ ಹೆಚ್ಚಿ ಬಿಸಿ ಇನ್ನೂ ಏರುತ್ತದೆ. ಹಾಗಾಗಿ ಟ್ರ್ಯಾಕ್‌ನಲ್ಲಿ ಲೆಕ್ಕಕ್ಕೆ ಬರುವುದು ಬಿಸಿಯಾಗಿದ್ದಾಗಿನ ಒತ್ತಡ. ಆ ಹಿರಿಯರು ನಾಲ್ಕೂ ಚಕ್ರದಿಂದ ಗಾಳಿ ಬಿಡಿಸಿ 35ಕ್ಕೆ ಇಳಿಸಿದರು. ಟೈರ್‌ನ ಹೊರ ಭುಜದಿಂದ, ಅಂದರೆ ನೆಲಕ್ಕೆ ತಾಗುವ ಭಾಗ ಮುಗಿಯುವ ಅಂಚಿನಿಂದ, ಟೈರ್‌ನದೇ ಪಕ್ಕದ ಗೋಡೆಯವರೆಗೆ (ಸೈಡ್‌ವಾಲ್) ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆದು, "ಒಂದು ಸೆಷನ್ ಓಡಿಸಿ ಬನ್ನಿ" ಅಂದರು.

ಸ್ಟೇರಿಂಗ್ ತಿರುಗಿಸಿದ ಕೂಡಲೇ ಬೇರೆಯದೇ ಕಾರು ಅನ್ನಿಸಿತು. ಅದೇ ಟೈರ್, ಅದೇ ತಿರುವು, ಆದರೆ ಮೂತಿ ಹೊರಗೆ ಜಾರುವುದು ಎಷ್ಟೋ ಕಡಿಮೆಯಾಗಿತ್ತು. ವಾಪಸ್ ಬಂದು ಗೆರೆ ನೋಡಿದರೆ ಭುಜದ ಮೇಲಿನ ಸುಣ್ಣ ಅಳಿಸಿಹೋಗಿತ್ತು, ಗೋಡೆಯ ಮೇಲಿನದು ಉಳಿದಿತ್ತು. ಅಂದರೆ ಟೈರ್ ತನ್ನ ಅಂಚಿನವರೆಗೆ ಮಾತ್ರ ವಾಲಿದೆ. ಗೋಡೆಯ ಮೇಲಿನ ಸುಣ್ಣವೂ ಅಳಿಸಿದ್ದರೆ ಗಾಳಿ ಅತಿಯಾಗಿ ಇಳಿಸಿದ್ದೇವೆ ಎಂದರ್ಥ. ಕೆಲವು ಟೈರ್‌ಗಳ ಭುಜದ ಮೇಲೆ ಪುಟ್ಟ ತ್ರಿಕೋನ ಇರುತ್ತದಲ್ಲ, ಅದನ್ನೂ ಇದಕ್ಕೆ ಗುರುತಾಗಿ ಬಳಸಬಹುದು.

ಆದರೂ ಹೊರ ಅಂಚು ಒಳಗಿನದಕ್ಕಿಂತ ಬೇಗ ಸವೆಯುವುದು ನಿಲ್ಲಲಿಲ್ಲ. ಮುಂದಿನ ಟ್ರ್ಯಾಕ್ ದಿನಕ್ಕೆ ಸೂಜಿಯಿರುವ ಥರ್ಮಾಮೀಟರ್ ತಂದೆ. ಇನ್‌ಫ್ರಾರೆಡ್ ಗನ್ ಮೇಲ್ಮೈಯನ್ನಷ್ಟೇ ಅಳೆಯುತ್ತದೆ. ಪಿಟ್ ಲೇನ್‌ನಲ್ಲಿ ನಿಧಾನವಾಗಿ ಬರುವಷ್ಟರಲ್ಲೇ ಮೇಲ್ಮೈ ಆರಿಬಿಡುತ್ತದೆ. ಸೂಜಿಯನ್ನು ರಬ್ಬರಿನೊಳಕ್ಕೆ ಚುಚ್ಚಿ, ಬಂದ ಒಂದು ನಿಮಿಷದೊಳಗೆ ಒಳ ಅಂಚು, ನಡು, ಹೊರ ಅಂಚು ಮೂರನ್ನೂ ಅಳೆಯಬೇಕು. ಮುಂದಿನ ಎಡ ಟೈರ್ ನನಗೆ ಕೊಟ್ಟ ಅಂಕಿ: ಒಳಗೆ 70, ನಡುವೆ 86, ಹೊರಗೆ 98. ಟ್ರ್ಯಾಕ್ ಗಡಿಯಾರದ ದಿಕ್ಕಿನಲ್ಲಿ ಓಡುವಂಥದ್ದು, ಬಲ ತಿರುವುಗಳೇ ಹೆಚ್ಚು, ಹಾಗಾಗಿ ಎಡ ಟೈರ್‌ಗೇ ಹೊರೆ. ಕಾರು ವಾಲಿದಾಗ ಚಕ್ರವೂ ಹೊರಕ್ಕೆ ವಾಲಿ ಟೈರ್ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ನಡುಭಾಗ ಎರಡು ಅಂಚುಗಳಿಗಿಂತ ಬಿಸಿಯಾಗಿದ್ದರೆ ಗಾಳಿ ಹೆಚ್ಚಾಗಿದೆ ಎನ್ನಬಹುದಿತ್ತು. ಇಲ್ಲಿ ಬಿಸಿ ಒಳಗಿನಿಂದ ಹೊರಗೆ ಏರುತ್ತಾ ಹೋಗಿದೆ. ಇದು ಗಾಳಿಯ ದೋಷವಲ್ಲ, ಕ್ಯಾಂಬರ್ ಸಾಲದು. ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ತಲೆ ಒಳಕ್ಕೆ ವಾಲಿದ್ದರೆ ಅದು ನೆಗೆಟಿವ್.

ಕಂಪನಿಯಿಂದ ಬಂದಾಗ ಮುಂದಿನ ಚಕ್ರಗಳಿಗೆ ಇದ್ದದ್ದು ಅರ್ಧ ಡಿಗ್ರಿ ನೆಗೆಟಿವ್ ಕ್ಯಾಂಬರ್. ಬೋಲ್ಟ್ ಬದಲಿಸಿ ಅಲೈನ್‌ಮೆಂಟ್‌ನಲ್ಲಿ 1.8 ಡಿಗ್ರಿಗೆ ತಂದೆ. ಟ್ರ್ಯಾಕ್‌ಗೆ ಮಾತ್ರ ಅಂದಿದ್ದರೆ ಎರಡೂವರೆ, ಮೂರು ಡಿಗ್ರಿಯವರೆಗೂ ಹೋಗುತ್ತಿದ್ದೆ. ದಿನವೂ ನೇರ ರಸ್ತೆಯಲ್ಲಿ ಓಡಬೇಕಲ್ಲ, ಅದಕ್ಕೆ ಅಷ್ಟಕ್ಕೇ ನಿಲ್ಲಿಸಿದೆ. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಅದನ್ನು ಸೊನ್ನೆಗೆ ಇಟ್ಟೆ. ರಸ್ತೆಯಲ್ಲಿ ಒಳ ಅಂಚನ್ನು ತಿನ್ನುವುದು ಕ್ಯಾಂಬರ್‌ಗಿಂತ ಹೆಚ್ಚಾಗಿ ತಪ್ಪಾದ ಟೋ. ಮುಂದಿನ ಸಲ ಅಳೆದಾಗ ಮೂರು ಅಂಕಿಗಳೂ ಹತ್ತು ಡಿಗ್ರಿ ಅಂತರದೊಳಗೆ ಬಂದವು. ಅಲ್ಲಿಗೆ ಹಳೆ ಟೈರ್‌ನಿಂದ ಕಲಿಯಬೇಕಾದ್ದು ಮುಗಿಯಿತು. ಅದರ ಪಾಡು ನೋಡಿದರೆ ಆಯುಸ್ಸೂ ಮುಗಿದಿತ್ತು.

ಹೊಸದು ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಟ್ರೆಡ್‌ವೇರ್ ಅಂಕಿ. ಮಿಷೆಲಿನ್ ಪೈಲಟ್ ಸ್ಪೋರ್ಟ್ 4ಎಸ್‌ಗೆ 300, ಹ್ಯಾಂಕುಕ್ ವೆಂಟಸ್ ಆರ್‌ಎಸ್4ಗೆ 200, ಟೊಯೊ ಪ್ರಾಕ್ಸೆಸ್ ಆರ್888ಆರ್‌ಗೆ 100, ನಾನ್‌ಕಾಂಗ್ ಎಆರ್-1ಗೆ 80. ಅಂಕಿ ಇಳಿದಂತೆ ರಬ್ಬರ್ ಮೆದು ಅನ್ನುವುದು ಒರಟು ಲೆಕ್ಕದಲ್ಲಿ ನಿಜ. ಆದರೆ ಇದು ಗ್ರಿಪ್‌ನ ಅಂಕಿಯಲ್ಲ, ಸವೆತದ್ದು. ಅಮೆರಿಕದಲ್ಲಿ ಸಾಮಾನ್ಯ ರಸ್ತೆಯ ಮೇಲೆ, 100 ಎಂದು ಗೊತ್ತುಮಾಡಿದ ಮಾದರಿ ಟೈರ್‌ನ ಜೊತೆ ಓಡಿಸಿ ಹೋಲಿಸುವ ಪದ್ಧತಿ, ಅಂತಿಮ ಅಂಕಿ ಕೊಡುವವರು ತಯಾರಕರೇ. ಒಂದು ಕಂಪನಿಯ 200, ಇನ್ನೊಂದು ಕಂಪನಿಯ 200 ಒಂದೇ ಅಲ್ಲ.

ನಾನು 200ರ ಮೆಟ್ಟಿಲಿಗೆ ನಿಂತೆ. ಸೆಮಿ-ಸ್ಲಿಕ್ ಬಿಟ್ಟಿದ್ದಕ್ಕೆ ದೊಡ್ಡ ಕಾರಣ ಮನೆಗೆ ವಾಪಸಾಗುವ ದಾರಿ. ಅದರ ತೋಡುಗಳು ಕಡಿಮೆ, ನೀರು ಹೊರಹೋಗಲು ಜಾಗವಿಲ್ಲ. ಹೆದ್ದಾರಿಯಲ್ಲಿ ಮಳೆನೀರು ನಿಂತರೆ ಟೈರ್ ನೀರಿನ ಮೇಲೆ ತೇಲುತ್ತದೆ. ತಣ್ಣಗಿರುವಾಗ ರಬ್ಬರ್ ಗಡುಸು, ಮುಂಜಾನೆ ಹೊರಟ ಮೊದಲ ತಿರುವಿನಲ್ಲಿ ಹಿಡಿತವೇ ಇರುವುದಿಲ್ಲ. ಇನ್ನೊಂದು ಕಾರಣ ನನ್ನ ಕಲಿಕೆ. ರಸ್ತೆಯ ಟೈರ್ ಮಿತಿ ಹತ್ತಿರವಾದಂತೆ ಮೊದಲು ನರಳುತ್ತದೆ, ಆಮೇಲೆ ಕಿರುಚುತ್ತದೆ, ಆಮೇಲೆ ಮೆಲ್ಲಗೆ ಜಾರುತ್ತದೆ. ಸೆಮಿ-ಸ್ಲಿಕ್ ಅಷ್ಟು ಮುನ್ಸೂಚನೆ ಕೊಡುವುದಿಲ್ಲ. ಹಿಡಿದಿರುತ್ತದೆ, ಹಿಡಿದಿರುತ್ತದೆ, ಬಿಟ್ಟರೆ ಒಮ್ಮೆಲೇ ಬಿಡುತ್ತದೆ, ಅದೂ ಹೆಚ್ಚಿನ ವೇಗದಲ್ಲಿ.

ಅಳತೆ ಮೊದಲಿನದೇ, 195/50 ಆರ್15 82ವಿ. 82 ಅಂದರೆ ಒಂದು ಟೈರ್ 475 ಕೆ.ಜಿ. ಹೊರಬಲ್ಲದು, ವಿ ಅಂದರೆ ಗಂಟೆಗೆ 240 ಕಿ.ಮೀ. ಈ ಎರಡರಲ್ಲಿ ಒಂದನ್ನೂ ಇಳಿಸಬಾರದು. ತಯಾರಾದ ವಾರ, ವರ್ಷ ಗೋಡೆಯ ಮೇಲೆ ನಾಲ್ಕು ಅಂಕಿಯಲ್ಲಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಹೊಸದೆಂದು ಕೊಡುವ ಟೈರ್ ವರ್ಷಗಟ್ಟಲೆ ಗೋದಾಮಿನಲ್ಲಿ ಕೂತಿರಬಹುದು, ಹಾಕಿಸುವ ಮೊದಲೇ ನೋಡಿಕೊಳ್ಳಿ. ಮುಂದಕ್ಕೆ ಮಾತ್ರ ಎರಡು ಹಾಕಿಸಿದರೆ ಸಾಕಲ್ಲ ಅಂತ ಹಲವರು ಕೇಳುತ್ತಾರೆ. ಖಂಡಿತ ಬೇಡ. ಮುಂದೆ ಹಿಡಿತ ಹೆಚ್ಚಿ ಹಿಂದೆ ಹಾಗೇ ಉಳಿದರೆ, ವೇಗದ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕ್ಷಣ ಕಾರಿನ ಹಿಂಭಾಗ ತಿರುಗಿಕೊಳ್ಳುತ್ತದೆ.

ಹಾಕಿಸಿದ ಕೂಡಲೇ ಟ್ರ್ಯಾಕ್‌ಗೆ ಒಯ್ಯಲಿಲ್ಲ. ಏಳು ಮಿಲಿಮೀಟರ್ ಎತ್ತರದ ಹೊಸ ಬ್ಲಾಕುಗಳು ತಿರುವಿನಲ್ಲಿ ಆಚೀಚೆ ಬಾಗುತ್ತವೆ, ಬಾಗಿದಷ್ಟೂ ಬಿಸಿಯಾಗುತ್ತವೆ, ಕೊನೆಗೆ ಕಿತ್ತುಬರುತ್ತವೆ. ಹಳೆ ಟೈರ್‌ನಿಂದ ಉಗುರಿನಷ್ಟು ರಬ್ಬರ್ ಕಿತ್ತುಬಂದಿದ್ದರಲ್ಲಿ ಇದರ ಪಾಲೂ ಇತ್ತು. ಕೆಲವು ವಾರ ರಸ್ತೆಯಲ್ಲಿ ಓಡಿಸಿ ಸ್ವಲ್ಪ ಸವೆದ ಮೇಲೆ ಕರೆದೊಯ್ದೆ.

ಹೊಸ ಟೈರ್‌ನ ಮೊದಲ ದಿನ ಬೇರೊಂದು ಪಾಠ ಕಾದಿತ್ತು. ನಾಲ್ಕನೇ ಸುತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಕ್ಕೆ ಇಳಿಯತೊಡಗಿತು. ಟೈರ್ ಹಿಡಿದಷ್ಟೂ ತಿರುವಿಗೆ ತಡವಾಗಿ, ಜೋರಾಗಿ ಬ್ರೇಕ್ ಹಾಕುತ್ತೇವೆ, ಆ ಬಿಸಿ ಬ್ರೇಕ್ ಆಯಿಲ್‌ಗೂ ಹೋಗುತ್ತದೆ, ಆಯಿಲ್ ಕುದಿದರೆ ಪೆಡಲ್ ಹೀಗೆ ಮೆತ್ತಗಾಗುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿಕೊಂಡ ಹಳೆ ಆಯಿಲ್‌ಗೆ ಆ ಮಿತಿ 155 ಡಿಗ್ರಿ ಮಾತ್ರ. ನನ್ನದರಲ್ಲಿ ಇದ್ದದ್ದು ಎರಡು ವರ್ಷ ಹಳೆಯದು. ಅವತ್ತು ಸೆಷನ್ ಅಲ್ಲಿಗೇ ನಿಲ್ಲಿಸಿದೆ. ಮೆದು ಟೈರ್ ಹಾಕಿಸುವವರು ಅದೇ ವಾರ ಬ್ರೇಕ್ ಆಯಿಲ್ ಬದಲಿಸಿ, ಪ್ಯಾಡ್ ನೋಡಿಸಿ ಅಂತ ನಾನು ಎಲ್ಲರಿಗೂ ಕೈಹಿಡಿದು ಹೇಳುತ್ತೇನೆ.

ಈಗಿನ ಅಭ್ಯಾಸ ಹೀಗಿದೆ. ಸೆಷನ್‌ನ ಕೊನೆಯ ಸುತ್ತು ನಿಧಾನ. ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಅಡ್ಡ ಇಡುತ್ತೇನೆ. ಬಿಸಿಯಲ್ಲೇ ಗಾಳಿ ನೋಡಿ 35ಕ್ಕೆ ತರುತ್ತೇನೆ, ಆರಿದ ಮೇಲೆ ವೀಲ್ ನಟ್ಟುಗಳ ಬಿಗಿ ನೋಡುತ್ತೇನೆ. ಸಂಜೆ ಹೊರಡುವ ಮುನ್ನ ಮತ್ತೆ ಗಾಳಿ ಹಿಡಿಸುವುದನ್ನು ಮರೆಯುವಂತಿಲ್ಲ. ಬಿಸಿಯಲ್ಲಿ 35 ಇದ್ದದ್ದು ಪೂರ್ತಿ ಆರಿದಾಗ 27ಕ್ಕೆ ಇಳಿದಿರುತ್ತದೆ, ಅಷ್ಟು ಕಡಿಮೆ ಗಾಳಿಯಲ್ಲಿ ಲಗೇಜ್ ತುಂಬಿದ ಕಾರನ್ನು ಹೆದ್ದಾರಿಯಲ್ಲಿ ಓಡಿಸುವುದು ಅಪಾಯ. ಪ್ರತಿ ಸೆಷನ್ನಿನ ಬಿಸಿ-ತಂಪು ಅಂಕಿಗಳು ನೋಟ್‌ಬುಕ್ಕಿಗೆ ಹೋಗುತ್ತವೆ. ಪ್ರತಿ ಸಲ ಬಿಸಿಯಾಗಿ ಆರಿದಾಗಲೂ ರಬ್ಬರ್ ಒಂದಿಷ್ಟು ಗಡುಸಾಗುತ್ತದೆ, ಟ್ರೆಡ್ ಉಳಿದಿದ್ದರೂ ಹಿಡಿತ ಹೋಗಿರುತ್ತದೆ. ಅದಕ್ಕೇ ಆ ಲೆಕ್ಕವನ್ನೂ ಬರೆದಿಡುತ್ತೇನೆ. ಈಗಿರುವ ಜೊತೆ ಇಪ್ಪತ್ತೆರಡು ಸೆಷನ್ ಕಂಡಿದೆ, ಮುಂದಿನ ಎಡದಲ್ಲಿ 3.5 ಮಿಲಿಮೀಟರ್ ಉಳಿದಿದೆ, ಒಳಗೂ ಹೊರಗೂ ಹೆಚ್ಚುಕಡಿಮೆ ಒಂದೇ. ಮಳೆಗಾಲಕ್ಕೆ ಮುಂಚೆ ಬದಲಿಸುತ್ತೇನೆ.